ಮೊರದಲ್ಲಿ ಅಳೆದ ಲೋಳೆಮೀನು

ಎಲ್ಲ ಅನರ್ಥಕ್ಕೂ ಕಾರಣ ಮೀನುಗಾರ ದೇವಿದಾಸನ ಹೆಂಡತಿ ಜಯಂತಿಯ ಅಕ್ಕಿ ಕೇರುವ ಮೊರ.

ಎರಡು ಸಾವಿರದ ಏಳರಲ್ಲಿ ಹಾರವಾಡದ ಸಮುದ್ರದಲ್ಲಿ ಬಂಗಡೆ ಮೀನಿನ ಹೆಸರೇ ಇರಲಿಲ್ಲ. ಬಲೆ ಎಳೆದರೆ ಬರೀ ಲೋಳೆಮೀನು, ಪೇಟೆಯವರು ಜೆಲ್ಲಿಫಿಶ್ ಅನ್ನುತ್ತಾರಲ್ಲ, ಅದು. ಎಷ್ಟು ಎನ್ನುತ್ತೀರಿ? ಅಂಕೋಲೆಯಿಂದ ಕಾರವಾರದವರೆಗೆ ಅವುಗಳ ಬೆನ್ನ ಮೇಲೆ ಪಾದ ಒದ್ದೆಯಾಗದೆ ನಡೆದು ಹೋಗಬಹುದಿತ್ತು. ನಾನೇ ಅರ್ಧ ದಾರಿ ಹೋಗಿ, ಚಾ ಹೊತ್ತಾಯಿತೆಂದು ತಿರುಗಿ ಬಂದವ.

ಒಲೆ ತಣ್ಣಗಾಗಿ ದೇವಿದಾಸ ದೋಣಿ ಮಾರುವ ಸ್ಥಿತಿಗೆ ಬಂದಿದ್ದ. ಒಂದು ದಿನ ಬೆಳಿಗ್ಗೆಯೇ ಜಯಂತಿಯ ತಮ್ಮ ಜಗದೀಶ ಬೈಕಿನಲ್ಲಿ ಬಂದ.

"ಭಾವಾ, ಬಿಣಗಾದಲ್ಲಿ ಫ್ಯಾಕ್ಟರಿ ಗೇಟಿಗೆ ವಾಚಮನ್ ಬೇಕಂತೆ. ಬತ್ಯಾ?"

"ಹುಟ್ಟಿದಾಗಿಂದ ಸಮುದ್ರ ನೋಡ್ದವ ನಾನು, ಸ್ಟೂಲ್ ಮೇಲೆ ಕೂತು ಗೇಟ್ ನೋಡುದಾ? ಹೋಗಾ ಮಾರಾಯ! ಸಂಜೆ ಕಾರವಾರದ ಏಜಂಟ ಲಾರಿ ತರ್ತಾ. ಉಪ್ಪು, ಪಟಿಕ ಹಾಕಿ ಲೋಳೆಮೀನು ಚೀನಾಕ್ಕೆ ಕಳಸ್ತ್ರಂತೆ. ನನ್ನ ದೋಣಿ ಉಳೀತದೆ."

ಹಿಡಿದು ರಾಶಿ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ದೇವಿದಾಸ ಮೀನುಗಾರಿಕೆ ಸಾಹೇಬರ ಭಾಷಣ ಕೇಳಿದ್ದ: ಸಣ್ಣವನ್ನು ಬಿಡಿ, ಬೆಳೆದು ಮರಿ ಮಾಡಲಿ. ಮೊರ ಹಿಡಿದೇ ದೋಣಿ ಹತ್ತಿದ. ಮೊರದಷ್ಟು ಅಗಲವಿದ್ದದ್ದು ದೋಣಿಗೆ, ಉಳಿದದ್ದು ಸಮುದ್ರಕ್ಕೆ. ಲೋಳೆ ತಾಗಿದ ಕೈ ತುರಿಸಿ ತುರಿಸಿ ಬೇಕರಿಯ ಬನ್ನಿನಂತೆ ಊದಿತು.

"ಹೆಣ್ಣು ನೋಡೂಕೆ ಹೋಗೀಯನಾ?" ಪಕ್ಕದ ದೋಣಿಯಿಂದ ನೆರೆಮನೆಯ ಕಾಶಿ ಕೂಗಿದ. "ಜಾತಕನೂ ಕೇಳು!"

"ಎಲ್ಲಾ ಬಾಚಿದ್ರೆ ಬರೋ ವರ್ಷ ಎಂತಾ ಹಿಡೀತೆ, ಮಳಲನ್ನಾ?"

ನೀರಿನಿಂದ ತೆಗೆದಿಟ್ಟರೆ ಲೋಳೆಮೀನು ಬಿಸಿಲಿಗೆ ಕರಗಿಬಿಡುತ್ತದೆ. ಹಾಗಾಗಿ ಲಾರಿ ಬರುವವರೆಗೆ ಬಂಡೆಗಳ ನಡುವಿನ ನೀರಿಗೆ ಹಳೇ ಬಲೆಯ ಬೇಲಿ ಕಟ್ಟಿ, ಎಲ್ಲವನ್ನೂ ಅದರೊಳಗೆ ಬಿಟ್ಟ. ಸೊಂಟದ ಮಟ್ಟದ ನೀರಿನಲ್ಲಿ ತಾನೇ ಕಾವಲು ನಿಂತ.

ಮಧ್ಯಾಹ್ನ ಕಾಶಿಯ ಬಲೆಗೆ ಆಮೆ ಬಿತ್ತು. ಸಣ್ಣದಲ್ಲ, ಅದರ ಚಿಪ್ಪನ್ನು ಮಗುಚಿದ್ದರೆ ಹಾರವಾಡದ ಅರ್ಧ ಊರು ಒಳಗೆ ಕೂತು ಗೋವೆಗೆ ಹೋಗಿ ಬರಬಹುದಿತ್ತು. ನಮ್ಮ ಕಡೆ ಆಮೆಯೆಂದರೆ ಸಾಕ್ಷಾತ್ ದೇವರು. ಕುಂಕುಮ ಹಚ್ಚಿ, ಕಾಯಿ ಒಡೆದು, ಆರತಿ ಎತ್ತಿಯೇ ನೀರಿಗೆ ಬಿಡಬೇಕು.

ಊರಿಗೆಲ್ಲ ಹಿರಿಯಳಾದ ಹೊನ್ನಜ್ಜಿ ಅಪ್ಪಣೆ ಕೊಟ್ಟಳು: "ದೇವಿದಾಸನ ಕೈಲೇ ಬಿಡ್ಸಿ. ಪಾಪ, ಅವನ ದೋಣಿ ಉಳೀಲಿ."

ನಾಲ್ಕು ಜನ ಆಮೆಯನ್ನು ಹೊತ್ತು ತಂದು ಕೊಟ್ಟರು. ದೇವಿದಾಸ ಕಣ್ಣು ಮುಚ್ಚಿ, ದೋಣಿಯ ಹೆಸರೆತ್ತಿ ಬೇಡಿಕೊಂಡು, ನಿಂತಲ್ಲೇ ಕೈ ಬಿಟ್ಟ.

ನಿಂತದ್ದು ಬೇಲಿಯ ಒಳಗೆ.

ಕಣ್ಣು ತೆರೆದಾಗ ಆಮೆ ಮೂರನೆಯದನ್ನು ನುಂಗುತ್ತಿತ್ತು. ಆಮೆಗೆ ಲೋಳೆಮೀನೆಂದರೆ ನಮಗೆ ಹೋಳಿಗೆ ಇದ್ದಂತೆ. ಅದು ಮೊರ ಹಿಡಿದು ಅಳೆಯಲೂ ಇಲ್ಲ.

"ಅಯ್ಯೋ, ಓಡ್ಸಿ! ಬೇಲಿ ಬಿಚ್ಚಿ!"

"ಹುಚ್ಚು ಹಿಡೀತನಾ?" ಹೊನ್ನಜ್ಜಿ ಗದರಿದಳು. "ದೇವರು ಊಟಕ್ಕೆ ಕೂತಾಗ ಎಬ್ಬಸುದಾ?"

ಊರೇ ಕೈ ಮುಗಿದು ನಿಂತಿತು. ದೇವಿದಾಸನೂ ಮುಗಿದ, ಊದಿದ ಕೈಗಳನ್ನು. ಹಾಗೆಯೇ ನಿಂತು ತನ್ನ ದೋಣಿ ತುತ್ತು ತುತ್ತಾಗಿ ಮುಗಿಯುವುದನ್ನು ನೋಡಿದ.

ಸಂಜೆ ಏಜಂಟ ಬಂದು ನೀರಿಗೆ ಇಣುಕಿದ. ಆಮೆಗೆ ನಮಸ್ಕಾರ ಮಾಡಿ, ಖಾಲಿ ಲಾರಿಯಲ್ಲಿ ತಿರುಗಿ ಹೋದ.

ದೇವಿದಾಸ ಜಗದೀಶನ ಮುಂದೆ ತಲೆ ತಗ್ಗಿಸಿದ. "ಆಯ್ತು ಮಾರಾಯ. ನಾಳೆಯಿಂದ ಬತ್ತೆ, ಗೇಟಿಗೆ."

ಜಗದೀಶ ಬೈಕಿನ ಕನ್ನಡಿ ಒರೆಸತೊಡಗಿದ. "ಭಾವಾ... ಆರತಿ ಮುಗಿದ ಕೂಡ್ಲೆ ಕಾಶಿ ಬಂದ. ನೀ ಒಲ್ಲೆ ಅಂದಿದ್ಯಲ್ಲ, ಅವನಿಗೇ ಹೇಳ್ಬಿಟ್ಟೆ. ಆಮೆ ಸಿಕ್ಕಿದ ಭಾಗ್ಯ ಅಂದ್ಕಂಡು ಹೋದ."

ಅಷ್ಟರಲ್ಲಿ ಹೊನ್ನಜ್ಜಿ ಒಂದು ಸ್ಟೂಲು ಹೊತ್ತು ತಂದಳು.

"ದೇವರು ತಾನಾಗಿ ಎದ್ದು ಹೋಗೂವರೆಗೆ ಬೇಲಿ ಯಾರೂ ಮುಟ್ಟೂಕಾಗ. ಒಬ್ರು ಕಾವಲು ಬೇಕು. ನಿನ್ ಕೈಲೇ ಬಂದ ದೇವರು, ನೀನೇ ಕೂತ್ಕೊ ತಮಾ. ಪುಣ್ಯದ ಕೆಲ್ಸ, ಸಂಬಳ ಕೇಳೂಕಾಗ."

ದೇವಿದಾಸ ಕೂತ. ಬೇಲಿಯಾಚೆ, ಬೆಳಿಗ್ಗೆ ಅವನೇ ಬಿಟ್ಟ ಸಣ್ಣ ಲೋಳೆಮೀನುಗಳು ಮಬ್ಬು ಬೆಳಕಿನಲ್ಲಿ ಸೆಳೆತದೊಂದಿಗೆ ದೂರ ಹೊರಟಿದ್ದವು. ಬೇಲಿಯೊಳಗೆ ಆಮೆ ತಲೆಯೆತ್ತಿ ಅವನನ್ನೇ ನೋಡುತ್ತಿತ್ತು.

ಅದಕ್ಕೆ ಇನ್ನೂ ಹಸಿವಿತ್ತು.