ಮೆಕ್ಸಿಕೋದಲ್ಲಿ ನಾನು ದಡ ಹುಡುಕಿದ್ದು

ಬ್ರಹ್ಮಾವರದ ಹತ್ತಿರ ನಮ್ಮದೊಂದು ರಬ್ಬರ್ ವಾಷರ್ ಕಾರ್ಖಾನೆ. ನಮ್ಮದು ಎಂದರೆ ರಘುರಾಮಣ್ಣನದು. ನಾನು ಅಲ್ಲಿ ಸೂಪರ್‌ವೈಸರ್. ಆದರೆ ಇಂಗ್ಲಿಷಿನಲ್ಲಿ ಏನು ಬಂದರೂ ಅದನ್ನು ಬಿಡಿಸಿ ಹೇಳುವ ಪರಮಾಧಿಕಾರ ನನ್ನದೇ. ಈ ಅಧಿಕಾರವನ್ನು ಯಾರೂ ನನಗೆ ಕೊಟ್ಟದ್ದಲ್ಲ. ನಾನೇ ತೆಗೆದುಕೊಂಡದ್ದು!

ನಮ್ಮ ವಾಷರುಗಳನ್ನು ನೀರಿನ ಪಂಪುಗಳಿಗೆ ಹಾಕುವ ಕಂಪನಿಯೊಂದು ಅಮೆರಿಕದ ಟೆಕ್ಸಾಸಿನಲ್ಲಿದೆ. ಅಲ್ಲಿ ಖರೀದಿ ನೋಡಿಕೊಳ್ಳುವ ಲಿಂಡಾ ಮೇಡಂ ಒಂದು ದಿನ ಮೇಲ್ ಕಳಿಸಿದರು. ಹಡಗಿನಲ್ಲಿ ಮಾಲು ಬರುವುದನ್ನು ಕಾದು ಸಾಕಾಗಿದೆ, ಮೆಕ್ಸಿಕೋದಲ್ಲಿ ಒಂದು ‘ನಿಯರ್‌ಶೋರ್’ ಘಟಕ ತೆರೆಯಿರಿ, ಯಾವ ಊರಾದೀತು ಎಂದು ನೀವೇ ನೋಡಿ ಹೇಳಿ, ನಾವೂ ಬಂಡವಾಳ ಹಾಕುತ್ತೇವೆ ಎಂದಿತ್ತು.

ರಘುರಾಮಣ್ಣ ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆದು ಮೇಲೆ ಬಂದವರು. ಯೋಚನೆ ಮಾಡಿ ಕಾಲ ಕಳೆಯುವ ಜನವಲ್ಲ.

“ಹ್ವಾಯ್ ಸದಾನಂದ್ರೆ, ಊರ್ ನೀವೇ ಆರ್ಸಿ. ಅವ್ರ್ ಒಪ್ರೆ ಅಲ್ಲಿ ಮ್ಯಾನೇಜರೂ ನೀವೇ. ಬಿಂದಾಸ್ ಹೋಯ್ನಿ!” ಎಂದರು.

ಮ್ಯಾನೇಜರ್! ಆ ಪದವನ್ನು ಬೇರೆಯವರ ಬಾಗಿಲ ಮೇಲೆ ಓದಿ ಓದಿ ನನ್ನ ಅರ್ಧ ಆಯುಷ್ಯ ಕಳೆದಿತ್ತು. ನನಗೆ ಆ ಕುರ್ಚಿ ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಬಹಳ ಬೇಕಿತ್ತು.

ಕೆಲಸವೇನು ಕಷ್ಟದ್ದೇ? ನಿಯರ್ ಎಂದರೆ ಹತ್ತಿರ. ಶೋರ್ ಎಂದರೆ ದಡ. ಕುಂದಾಪುರದಲ್ಲಿ ಹುಟ್ಟಿ ಬೆಳೆದವನಿಗೆ ಇದನ್ನು ಅಮೆರಿಕದವರು ಹೇಳಿಕೊಡಬೇಕೆ? ಆದರೂ ನಾನು ಜವಾಬ್ದಾರಿಯುತ ಮನುಷ್ಯ. ತಜ್ಞರ ಅಭಿಪ್ರಾಯ ಪಡೆದೇ ಮುಂದುವರಿಯೋಣವೆಂದು ಉಪ್ಪುಂದದಲ್ಲಿರುವ ನನ್ನ ಹೆಂಡತಿಯ ಅಣ್ಣನಿಗೆ ಫೋನು ಮಾಡಿದೆ. ಭಾವನಿಗೆ ಸ್ವಂತ ದೋಣಿಯಿದೆ.

“ಭಾವ, ನಿಯರ್‌ಶೋರ್ ಅಂದ್ರೆ ಎಂತ?”

“ದಡದ್ ಹತ್ರ ಮಾರ್ರೆ. ನಮ್ ನಾಡದೋಣಿ ಹೋಪ್ ಜಾಗ. ಎಂತಕ್ಕೆ, ದೋಣಿ ತೆಕಂತ್ರಿಯಾ?”

“ದೋಣಿ ಅಲ್ಲ ಭಾವ, ಮೆಕ್ಸಿಕೋ! ಅಲ್ ಕಾರ್ಖಾನಿ ಮಾಡ್ತೊ.”

“ಹೌದಾ? ಹಂಗಾರೆ ಮೊದ್ಲ್ ಮೀನ್ ಎಂತ ಸಿಕ್ಕತ್ತ್ ಕಾಣಿ,” ಎಂದ ಭಾವ. ಬಿಟ್ಟಿ ಸಲಹೆ. ನಾನು ತಲೆಯ ಮೇಲೆ ಹೊತ್ತುಕೊಂಡೆ.

ಅಂದು ಸಂಜೆಯೇ ಮೆಕ್ಸಿಕೋದ ನಕ್ಷೆ ಹರಡಿ ಕುಳಿತೆ. ಓದಿದಲ್ಲೆಲ್ಲ ಮಾಂಟೆರೆ ಎಂಬ ಊರಿನ ಹೊಗಳಿಕೆ. ಕಾರ್ಖಾನೆಯ ಪಕ್ಕ ಕಾರ್ಖಾನೆಯಂತೆ, ಅಲ್ಲಿಂದ ಟೆಕ್ಸಾಸಿಗೆ ನೆಟ್ಟಗಿನ ರಸ್ತೆಯಂತೆ. ಆದರೆ ಸುತ್ತ ನೋಡಿದರೆ ಬರೀ ಗುಡ್ಡ! ಸಮುದ್ರದ ಸುಳಿವಿಲ್ಲ. ಅಲ್ಲಿ ಮೀನು ಬಂದು ಮುಟ್ಟುವಾಗ ಊಟದ ಹೊತ್ತು ದಾಟಿರುತ್ತದೆ. ‘ಮನುಷ್ಯವಾಸಕ್ಕೆ ಯೋಗ್ಯವಲ್ಲ’ ಎಂದು ಷರಾ ಬರೆದು ಕಾಟು ಹಾಕಿದೆ. ಕೆರೆತಾರೋ ಎಂಬ ಊರಿನ ಹೆಸರಿನಲ್ಲೇ ಕೆರೆ ಇದ್ದುದರಿಂದ ಕೊಂಚ ಆಸೆಯಾಯಿತು. ಆದರೆ ಲಿಂಡಾ ಮೇಡಂ ಕೇಳಿದ್ದು ಶೋರ್, ಕೆರೆಯ ದಂಡೆಯನ್ನಲ್ಲ. ಅದಕ್ಕೂ ಕಾಟು.

ಆಗ ಕಣ್ಣಿಗೆ ಬಿತ್ತು, ಮಜತ್ಲಾನ್. ಹೆಸರು ಶುರುವಾಗುವುದೇ ಮಜಾದಿಂದ! ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಘಟ್ಟ, ಬಂದರಿನ ತುಂಬ ಸಿಗಡಿ ದೋಣಿಗಳು. ಅಲ್ಲಿ ಸೂರ್ಯ ಮುಳುಗುವ ಚಿತ್ರ ನೋಡಿ ನನ್ನ ಕಣ್ಣು ಒದ್ದೆಯಾಯಿತು. ನಮ್ಮದೇ ಊರು, ಜನ ಮಾತ್ರ ಬೇರೆ.

ನನ್ನ ಹೆಂಡತಿ ಮಾಲತಿ ಹಿಂದಿನಿಂದ ಇಣುಕಿದಳು.

“ಹ್ವಾಯ್, ಊರ್ ಹುಡ್ಕುದ್ ಕಾರ್ಖಾನಿಗಾ, ಮೀನ್ ಪದಾರ್ಥಕ್ಕಾ?”

“ಮ್ಯಾನೇಜರ್ ಉಣ್ದೆ ಕಾರ್ಖಾನಿ ನಡಿತ್ತಾ?”

“ಮ್ಯಾನೇಜರ್ ಇನ್ನೂ ಆಯ್ಲಿಲ್ಲೆ ಅಲ್ದಾ?”

ದೊಡ್ಡ ಕೆಲಸಕ್ಕೆ ಹೊರಟವನು ಇಂಥ ಮಾತಿಗೆ ಕಿವಿಗೊಡಬಾರದು. ಮರುದಿನ ಬಸ್ಸು ಸಾಸ್ತಾನದ ಟೋಲ್ ದಾಟುವಷ್ಟರಲ್ಲಿ ನಾನು ಮೆಕ್ಸಿಕೋಗೆ ಹೊರಟ ಸುದ್ದಿ ಕಂಡಕ್ಟರಿಗೂ ತಿಳಿದಿತ್ತು. ಹೇಗೆ ತಿಳಿಯಿತೋ ಎಂದು ಆಶ್ಚರ್ಯಪಡಬೇಕಿಲ್ಲ, ನಾನೇ ಹೇಳಿದ್ದೆ. ಸಂಜೆ ಒಂದು ಟೈ ಕೊಂಡೆ. ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆ. ಭಾವ ಸಿಕ್ಕಿದವರಿಗೆಲ್ಲ, “ನಮ್ ಭಾವ ಮೆಕ್ಸಿಕೋದಗೆ ಮ್ಯಾನೇಜರ್,” ಎಂದು ಹೇಳುತ್ತಿದ್ದಾನೆಂದು ತಿಳಿದು ಅವನ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿತು.

ವಿಡಿಯೋ ಮೀಟಿಂಗಿನ ದಿನ ಬಂತು. ರಘುರಾಮಣ್ಣನ ಪಕ್ಕ ಟೈ ಬಿಗಿದು ಕುಳಿತೆ. ಮೊದಲು ಸೂರ್ಯಾಸ್ತ ತೋರಿಸಿದೆ. ಆಮೇಲೆ ತೆಂಗಿನಮರ. ಆಮೇಲೆ ಸಿಗಡಿ ದೋಣಿಗಳು. ಲಿಂಡಾ ಮೇಡಂ ಕನ್ನಡಕ ಸರಿಮಾಡಿಕೊಂಡು, ಇದು ನಿಮ್ಮ ರಜೆಯ ಫೋಟೋ ಇರಬೇಕು, ಕಾರ್ಖಾನೆಯದ್ದು ತೋರಿಸಿ ಎಂದರು.

ಇದೇ ಕಾರ್ಖಾನೆಯ ಜಾಗ ಎಂದೆ.

ಅಲ್ಲಿಂದ ಟೆಕ್ಸಾಸಿಗೆ ಲಾರಿ ಹೇಗೆ ಬರುತ್ತದೆ ಎಂದು ಕೇಳಿದರು. ಘಟ್ಟ ಹತ್ತಿ, ಘಟ್ಟ ಇಳಿದು, ಆಮೇಲೆ ಸುಮಾರು ದೂರ ಬರಬೇಕು ಎಂದು ಒಪ್ಪಿಕೊಂಡೆ. ಆದರೆ ಅಲ್ಲಿಂದ ಪಡುವಣಕ್ಕೆ ಹಡಗು ಬಿಟ್ಟರೆ ನೇರ ನಮ್ಮ ಕಡೆಗೇ ಬರುತ್ತದೆ ಎಂದು ಹೆಮ್ಮೆಯಿಂದ ಸೇರಿಸಿದೆ.

ಹಾಗಾದರೆ ಈ ಊರು ನಿಮಗೆ ಹತ್ತಿರ, ನಮಗಲ್ಲ ಎಂದರು ಮೇಡಂ. ಎಲ್ಲರೂ ಮಾಂಟೆರೆ ಎನ್ನುತ್ತಾರೆ, ನೀವೇಕೆ ಅದನ್ನು ಬಿಟ್ಟಿರಿ?

ನಾನು ಮುಗುಳ್ನಕ್ಕೆ. ಗೆದ್ದವನ ನಗು ಅದು. “ಆದರೆ ಮೇಡಂ, ಮಾಂಟೆರೆಯಲ್ಲಿ ಶೋರ್ ಎಲ್ಲಿದೆ?” ಎಂದು ಇಂಗ್ಲಿಷಿನಲ್ಲೇ ಕೇಳಿದೆ.

ಆ ಕಡೆ ಸದ್ದಿಲ್ಲ. ನೆಟ್ ಹೋಯಿತೆಂದುಕೊಂಡೆ. ನೆಟ್ ಹೋಗಿರಲಿಲ್ಲ! ಮೇಡಂ ಬಾಯಿಗೆ ಕರವಸ್ತ್ರ ಒತ್ತಿ ಹಿಡಿದಿದ್ದರು. ಭುಜ ಕುಣಿಯುತ್ತಿತ್ತು. ಕೊನೆಗೆ ಕಣ್ಣೊರೆಸಿಕೊಂಡು, ನಿಯರ್‌ಶೋರ್ ಎಂದರೆ ಮಾಲು ಕೊಳ್ಳುವವರ ನೆರೆದೇಶದಲ್ಲೇ ಮಾಲು ತಯಾರಿಸುವುದು, ಅದಕ್ಕೂ ಸಮುದ್ರಕ್ಕೂ ಸಂಬಂಧವಿಲ್ಲ ಎಂದು ಮಕ್ಕಳಿಗೆ ಹೇಳುವಂತೆ ಹೇಳಿದರು. ನಾನು ಎಂದಿನಂತೆ ಅದನ್ನು ರಘುರಾಮಣ್ಣನಿಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು. ಅಷ್ಟು ಕಷ್ಟದ ಅನುವಾದವನ್ನು ನಾನು ಜನ್ಮದಲ್ಲಿ ಮಾಡಿಲ್ಲ.

“ಅಂದ್ರೆ ಗಿರಾಕಿ ಮನಿ ಬಾಗ್ಲಗೆ ಅಂಗ್ಡಿ ಇಡುದ್. ಇದ್ರಗೆ ಸಮುದ್ರ ಎಲ್ಲಿತ್ ಮಾರ್ರೆ?” ಎಂದರು ರಘುರಾಮಣ್ಣ.

“ಭಾವ ಹೇಳದ್ದ್...” ಎಂದು ಶುರುಮಾಡಿ, ಮುಂದೆ ಹೇಳಲಾಗದೆ ಟೈ ಸಡಿಲ ಮಾಡಿಕೊಂಡೆ. ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಖಂಡಿತ ಇಳಿದುಬಿಡುತ್ತಿದ್ದೆ.

ಮಾಂಟೆರೆಯೇ ಗಟ್ಟಿಯಾಯಿತು. ಮ್ಯಾನೇಜರ್ ಹುದ್ದೆಗೂ ಲಿಂಡಾ ಮೇಡಂ ಅಲ್ಲಿಯವರನ್ನೇ ಆರಿಸಿದರು. ಬಸ್ಸಿನ ಕಂಡಕ್ಟರು ದಿನಾ, “ಹ್ವಾಯ್, ಇನ್ನೂ ಹೋಯ್ಲಿಲ್ಯಾ?” ಎಂದು ಕೇಳತೊಡಗಿದ ಮೇಲೆ ನಾನು ಬಸ್ಸು ಬದಲಾಯಿಸಿದೆ.

ರಘುರಾಮಣ್ಣ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು! ಒಂದು ದಿನ ಕರೆದು ತಣ್ಣಗೆ ಹೇಳಿದರು:

“ಸದಾನಂದ್ರೆ, ರಬ್ಬರ್ ಶೀಟ್ ಬಪ್ಪುದ್ ತಡ ಆತಾ ಇತ್. ಅಮಾಸೆಬೈಲಗೆ ಒಂದ್ ಸಣ್ಣ ಗೋಡೌನ್ ಮಾಡ್ತೆ, ರಬ್ಬರ್ ಮರದ್ ಹತ್ರವೇ. ಅಲ್ಲಿಗೆ ನೀವೇ ಮ್ಯಾನೇಜರ್.”

ಹೀಗೆ ನಾನು ಘಟ್ಟದ ಬುಡದ ಅಮಾಸೆಬೈಲಿನಲ್ಲಿ ಮ್ಯಾನೇಜರನಾದೆ. ಬಾಗಿಲ ಮೇಲೆ ಬೋರ್ಡೂ ಇದೆ. ಸುತ್ತ ಬರೀ ಗುಡ್ಡ. ಸಮುದ್ರದ ಸುಳಿವಿಲ್ಲ. ಮೀನಿನ ಗಾಡಿ ಗೋಡೌನಿನ ಮುಂದೆ ಬರುವಾಗ ಊಟದ ಹೊತ್ತು ದಾಟಿರುತ್ತದೆ. ಮಾಂಟೆರೆಗೆ ಬರೆದ ಷರಾ ಅಕ್ಷರ ತಪ್ಪದೆ ನನಗೇ ತಗಲಿತು.

ಮಧ್ಯಾಹ್ನ ಮಾಲತಿ ತಪ್ಪದೆ ಫೋನು ಮಾಡುತ್ತಾಳೆ.

“ಹ್ವಾಯ್ ಮ್ಯಾನೇಜರ್ರೆ, ಇವತ್ ಎಂತ ಮೀನ್?”

“ಒಣಮೀನ್,” ಎನ್ನುತ್ತೇನೆ.