ಮೊಳೆ ಹೊಡೆಯಬಾರದ ಮನೆ

ನಮ್ಮ ಸೋದರಮಾವ ಹಾವಿಗೆ ಹೆದರಿದವನಲ್ಲ, ಮೇಲಧಿಕಾರಿಗೆ ಹೆದರಿದವನಲ್ಲ, ಕೊನೆಗೆ ನಮ್ಮಮ್ಮನಿಗೂ ಹೆದರಿದವನಲ್ಲ. ಆತ ಹೆದರುತ್ತಿದ್ದದ್ದು ಒಂದೇ ಒಂದಕ್ಕೆ. ಮೊಳೆಗೆ! ಹೌದು ಸ್ವಾಮಿ, ಗೋಡೆಗೆ ಹೊಡೆಯುವ ಎರಡಿಂಚಿನ ಕಬ್ಬಿಣದ ಮೊಳೆಗೆ. ಪಕ್ಕದ ಬೀದಿಯಲ್ಲಿ ಸುತ್ತಿಗೆ ಸದ್ದಾದರೂ ಎದೆ ಹಿಡಿದುಕೊಳ್ಳುತ್ತಿದ್ದ.

ಮಾವ ಬ್ರಹ್ಮಚಾರಿ. ರೈತರಿಗೆ ರೇಷ್ಮೆಹುಳು ಸಾಕೋದು ಹೇಳಿಕೊಡುವ ಸರ್ಕಾರಿ ನೌಕರಿ. ಎರಡು ವರ್ಷ ಶ್ರೀನಿವಾಸಪುರ, ಮೂರು ವರ್ಷ ಕೋಲಾರ, ಆಮೇಲೆ ಮಾಲೂರು. ಹೋದಲ್ಲೆಲ್ಲ ಬಾಡಿಗೆ ಮನೆ. ಆದರೆ ಮುಳಬಾಗಿಲಲ್ಲಿ ಸ್ವಂತದ್ದೊಂದು ಕಟ್ಟಿಸಿದ್ದ. ಕೆರೆ ಮಣ್ಣಿನ ಇಟ್ಟಿಗೆ, ಸುಣ್ಣದ ಗಾರೆ, ಮಂಗಳೂರು ಹೆಂಚು. ಹಾಲುಕ್ಕಿಸಿದ ವಾರಕ್ಕೇ ವರ್ಗವಾಯಿತು. ತಾನು ಕಟ್ಟಿಸಿದ ಮನೆಯಲ್ಲಿ ಆತ ಒಂದು ದಿನವೂ ಸಂಸಾರ ಹೂಡಲಿಲ್ಲ.

ಮೊದಲ ಬಾಡಿಗೆದಾರ ನಂಗಲಿ ಕಡೆಯ ಒಬ್ಬ ಲಾರಿ ಮಾಲೀಕ. ಆತ ಖಾಲಿ ಮಾಡಿ ಹೋದಾಗ ಗೋಡೆಗಳಲ್ಲಿ ನಲವತ್ತೊಂದು ಮೊಳೆ! ಒಂದು ಕಿತ್ತರೆ ಅಂಗೈ ಅಗಲ ಗಾರೆ ಉದುರುತ್ತಿತ್ತು. ಮಾವ ಮೂರು ದಿನ ರಜೆ ಹಾಕಿ, ಹಲ್ಲು ಕೀಳುವ ಹಾಗೆ ಒಂದೊಂದನ್ನೇ ಕಿತ್ತು, ತೂತು ಮುಚ್ಚಿ, ಅಷ್ಟನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟ. ಅಲ್ಲಿಂದ ಮುಂದೆ ಯಾರು ಮನೆ ಕೇಳಿಕೊಂಡು ಬಂದರೂ ಮೊದಲು ಆ ಡಬ್ಬಿ ಅಲ್ಲಾಡಿಸುತ್ತಿದ್ದ.

"ಕೇಳಿಸ್ತಾ? ನನ್ನ ಮನೆ ಅಳೋ ಸದ್ದು ಇದು!"

ಅರ್ಧ ಜನ ಅಡ್ವಾನ್ಸ್ ಎಷ್ಟು ಅಂತಲೂ ಕೇಳದೆ ಎದ್ದು ಹೋಗುತ್ತಿದ್ದರು.

ಎದ್ದು ಹೋಗದೆ ಉಳಿದವರು ಒಬ್ಬ ಮೇಷ್ಟ್ರು. ಅವರ ಹೆಂಡತಿ ಗಡಿಯಾಚೆ ಆಂಧ್ರದವರು. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ನಗು. ಇಬ್ಬರು ಹೆಣ್ಣುಮಕ್ಕಳು. ಒಂದೇ ಒಂದು ಮೊಳೆ ಹೊಡೆಯದೆ ಅವರು ಅಲ್ಲಿ ಹನ್ನೊಂದು ವರ್ಷ ಬಾಳಿದರು ಅಂದರೆ ನಂಬುತ್ತೀರಾ? ದೇವರ ಪಟಗಳು ಗೂಡಿನೊಳಗೆ. ಗಡಿಯಾರ ಅಕ್ಕಿ ಡಬ್ಬದ ಮೇಲೆ. ಕ್ಯಾಲೆಂಡರು ಸೂರಿನ ತೊಲೆಯಿಂದ ಹುರಿಯಲ್ಲಿ ಇಳಿಬಿದ್ದಿತ್ತು. ಗಾಳಿ ಬೀಸಿದರೆ ಇಡೀ ವರ್ಷವೇ ಗಿರಗಿರ ತಿರುಗುತ್ತಿತ್ತು. ಯುಗಾದಿ ಯಾವತ್ತು ಅಂತ ನೋಡಬೇಕಾದರೆ ಒಬ್ಬರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಓದಬೇಕು!

ಇನ್ನು ಸೋರಿಕೆ ಪರೀಕ್ಷೆಯ ಕಥೆ ಕೇಳಿ. ಎಲ್ಲರೂ ಮಳೆ ಬಂದ ಮೇಲೆ ಹೆಂಚು ನೋಡಿದರೆ, ನಮ್ಮ ಮಾವ ಬಿರುಬೇಸಿಗೆಯಲ್ಲೇ ಸೂರು ಹತ್ತಿ ಕೊಡ ಕೊಡ ನೀರು ಸುರಿಯುತ್ತಿದ್ದ. ಒಳಗೆ ಮೇಷ್ಟ್ರ ಸಂಸಾರ ಪಾತ್ರೆ ಹಿಡಿದು ನಿಂತು, ತೊಟ್ಟಿಕ್ಕಿದ ಕಡೆಯಿಂದ "ಇಲ್ಲೀ!" ಅಂತ ಕೂಗಬೇಕು. ಒಂದು ವರ್ಷ ಹೇಳದೆ ಕೇಳದೆ ಹತ್ತಿ ಸುರಿದುಬಿಟ್ಟ. ಕೆಳಗೆ ಮೇಷ್ಟ್ರು ಪರೀಕ್ಷೆ ಪೇಪರು ತಿದ್ದುತ್ತಾ ಕೂತಿದ್ದರು. ಇಂಕೆಲ್ಲಾ ಕಲಸಿ ಹೋಯಿತು.

"ಅಯ್ಯೋ, ಈಗೇನ್ ಮಾಡ್ತೀರಿ ಮೇಷ್ಟ್ರೇ?"

"ಮಾಡೋದೇನು? ಎಲ್ಲರನ್ನೂ ಪಾಸ್ ಮಾಡ್ತೀನಿ."

ಬರುವ ಬಾಡಿಗೆ ಹೆಂಚಿಗೆ, ಸುಣ್ಣಕ್ಕೆ, ಬಸ್ ಚಾರ್ಜಿಗೇ ಸಾಲದು. ನಮ್ಮಮ್ಮ ರೇಗುತ್ತಿದ್ದಳು: "ಲೇ, ಬಾಡಿಗೆ ತರೋಕೆ ಹೋಗ್ತೀಯೋ, ಕೊಟ್ಟು ಬರೋಕೆ ಹೋಗ್ತೀಯೋ?"

ಹೀಗಿರುವಾಗ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮಾವನಿಗೆ ರಿಟೈರಾಯಿತು. ಅದೇ ತಿಂಗಳು ಮಾಲೂರಿನ ಓನರು, ಮಗನ ಮದುವೆ, ಮನೆ ಬೇಕು, ತಿಂಗಳೊಳಗೆ ಬಿಡಿ ಅಂದ. ನಮ್ಮನೆಗೆ ಬಾ ಅಂದರೆ ಮಾವ ಒಪ್ಪಲಿಲ್ಲ. "ನಂದೇ ಮನೆ ಇದೆಯಲ್ಲೇ!" ಅಂದ. ಇತ್ತು, ಸರಿ. ಆದರೆ ಅದನ್ನು ಖಾಲಿ ಮಾಡಿ ಅಂತ ಮೇಷ್ಟ್ರಿಗೆ ಹೇಳಬೇಕಲ್ಲ?

ಹೇಳಲೆಂದೇ ಹೋದ. ಸಾಯಂಕಾಲ ನಮ್ಮನೆಗೆ ಬಂದ. "ಹೇಳಿದ್ಯಾ?" ಅಂದೆ. "ಬಚ್ಚಲ ಕಲ್ಲು ಸಡಿಲ ಆಗಿತ್ತು ಕಣೇ. ಕೂರಿಸಿ ಬಂದೆ."

ನಾನಾಗ ಕೋಲಾರದಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿದ್ದೆ. ಬಾಯಲ್ಲಿ ಬರದಿದ್ದರೆ ಕಾಗದದಲ್ಲಿ ಬರಲಿ ಅಂತ ನೋಟೀಸು ನಾನೇ ಟೈಪ್ ಮಾಡಿಕೊಟ್ಟೆ. ಎರಡನೇ ಸಲ ನೋಟೀಸು ಜೇಬಲ್ಲಿಟ್ಟುಕೊಂಡು ಹೋದವನು ನೋಟೀಸು ಜೇಬಲ್ಲಿಟ್ಟುಕೊಂಡೇ ಬಂದ. ಕೈಯಲ್ಲಿ ಮಾತ್ರ ಒಂದು ಕ್ಯಾರಿಯರ್ ತುಂಬ ಹಿತಕಿದ ಅವರೆಬೇಳೆ ಸಾರು!

ಸಿಟ್ಟು ಬರೋದಿಲ್ಲವೇ? ಮೂರನೇ ಸಲ ನಾನೇ ಜೊತೆಗೆ ಹೊರಟೆ. "ಕೂರ್ಚೋ ಅನ್ನಾ, ಕೂತ್ಕೊಳ್ಳಿ" ಅಂತ ಮೇಷ್ಟ್ರ ಹೆಂಡತಿ ಚಾಪೆ ಹಾಸಿದರು. ಮಾವ ಕೂತ. ಮಳೆ ಬಗ್ಗೆ ಮಾತಾಡಿದ, ಮಾವಿನಕಾಯಿ ಬಗ್ಗೆ ಮಾತಾಡಿದ, ತಲೆಯೆತ್ತಿ ಹೆಂಚುಗಳನ್ನೂ ಮಾತಾಡಿಸಿದ. ನನಗೆ ತಡೆಯಲಾಗಲಿಲ್ಲ. ಅವನ ಜೇಬಿಂದ ನೋಟೀಸು ಎಳೆದು ಮೇಷ್ಟ್ರ ಕೈಗೆ ಕೊಟ್ಟೇಬಿಟ್ಟೆ.

ಮೇಷ್ಟ್ರು ಓದಿದರು. ಮುಖ ಇಳಿಯಿತು. "ಏಮಂಡಿ, ಏನದು?" ಅಂದರು ಹೆಂಡತಿ. ಆಗ ಮಾವ ಗಾಬರಿಯಿಂದ, "ಏನಿಲ್ಲಮ್ಮಾ, ಹುಡುಗಿ ಟೈಪಿಂಗ್ ಕಲೀತಿದ್ದಾಳೆ. ತಪ್ಪಿದ್ರೆ ಮೇಷ್ಟ್ರು ತಿದ್ದಿ ಕೊಡ್ಲಿ ಅಂತ ತಂದ್ಲು!" ಅಂದುಬಿಟ್ಟ.

ಮೇಷ್ಟ್ರು ಮಾವನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕೆಂಪು ಪೆನ್ನು ತೆಗೆದು, ಎರಡು ಕಡೆ ತಿದ್ದಿ, ಕೆಳಗೆ ರುಜು ಹಾಕಿ ನನಗೆ ವಾಪಸು ಕೊಟ್ಟರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹೊರಡುವಾಗ ಆಕೆ ನನ್ನನ್ನು ಗೇಟಿನ ಹತ್ತಿರ ತಡೆದು ಮೆಲ್ಲಗೆ ಕೇಳಿದರು: "ಅಣ್ಣನ ಸಾಮಾನು ಎಷ್ಟಿದೆಯಮ್ಮಾ?"

"ಒಂದು ಟ್ರಂಕು, ಒಂದು ಹಾಸಿಗೆ, ಒಂದು ಬಿಸ್ಕತ್ತಿನ ಡಬ್ಬಿ" ಅಂದೆ.

ವಾರಕ್ಕೆ ಮೇಷ್ಟ್ರ ಕಾರ್ಡು ಬಂತು. "ಮುಂದಿನ ಕೋಣೆ ತೆರವು ಮಾಡಿದ್ದೇವೆ. ಊಟ ನಮ್ಮ ಜೊತೆಯಲ್ಲೇ. ಟ್ರಂಕಿನ ಸಮೇತ ಬನ್ನಿ." ಮಾವ ಅದನ್ನು ನಾಲ್ಕು ಸಲ ಓದಿದ. "ಓನರು ಬಾಡಿಗೆದಾರರ ಮನೇಲಿ ಇರೋದು ಎಲ್ಲಾದ್ರೂ ಉಂಟೇನೇ?" ಅಂತ ಗೊಣಗುತ್ತಲೇ ಹಾಸಿಗೆ ಸುತ್ತಿದ.

ಟ್ರಂಕು ಹೊತ್ತುಕೊಂಡು ಇಬ್ಬರೂ ಕೋಣೆಗೆ ಕಾಲಿಟ್ಟೆವು. ಹೊಸ ಸುಣ್ಣದ ವಾಸನೆ. ಬಿಳೀ ಗೋಡೆಯ ಮಧ್ಯೆ, ಎದೆಮಟ್ಟದಲ್ಲಿ, ಒಂದು ಮೊಳೆ!

ಮುಗೀತು ಅಂದುಕೊಂಡೆ. ಮೇಷ್ಟ್ರು ಹೊಸಲಿನಾಚೆಯೇ ನಿಂತರು. ಆಕೆ ಮಾತ್ರ ಮುಂದೆ ಬಂದು, "ನಮಗೆ ಅಂತ ನಾವು ಇಷ್ಟು ವರ್ಷ ಒಂದೂ ಹೊಡೀಲಿಲ್ಲ ಅಣ್ಣಾ. ಇದು ನಿಮ್ಮ ಅಂಗಿಗೆ" ಅಂದರು.

ಮಾವ ಹತ್ತಿರ ಹೋಗಿ ಮೊಳೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. "ಸಡಿಲ ಇದೆಯಲ್ಲಮ್ಮಾ" ಅಂದ. ಅಂಗಳಕ್ಕೆ ಹೋಗಿ ಒಂದು ಕಲ್ಲು ತಂದು, ತನ್ನ ಕೈಯಾರೆ, ತನ್ನ ಗೋಡೆಗೆ, ಮೂರು ಏಟು ಬಲವಾಗಿ ಹೊಡೆದ. ಚೂರು ಗಾರೆ ಉದುರಿತು. ಆತ ಅದನ್ನು ನೋಡಲೂ ಇಲ್ಲ. ಅಂಗಿ ಬಿಚ್ಚಿ ಮೊಳೆಗೆ ತಗುಲಿಹಾಕಿ, ಬನಿಯನ್ನಿನಲ್ಲೇ ಹೊರಗೆ ಬಂದು, "ಅಮ್ಮಾ, ಊಟಕ್ಕೇನು?" ಅಂತ ಕೇಳಿದ.