ಮಿಕ್ಸರ್ ಎಳೆದುಕೊಂಡು ಹೋದ ಅಳಿಯ

ಕತಾರಿನಿಂದ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳಿದ ಗುಣಪಾಲನಿಗೆ ಇದ್ದ ಒಂದೇ ಕೊರಗೆಂದರೆ, ಕುಂಬ್ಡಾಜೆಯಲ್ಲಿ ಯಾರಿಗೂ ಸಾಯುವ ಭಯವೇ ಇಲ್ಲ ಎಂಬುದು. ಅಲ್ಲಿ ಅವನು ದೊಡ್ಡ ಕಂಪೆನಿಯೊಂದರ ಸೇಫ್ಟಿ ವಿಭಾಗದಲ್ಲಿದ್ದ. ಹಳದಿ ಜಾಕೆಟ್ ತೊಟ್ಟು, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು, ಹೆಲ್ಮೆಟ್ ಹಾಕದವರನ್ನು ಗದರಿಸುವುದೇ ಉದ್ಯೋಗ. ಅಲ್ಲಿ ಅವನು ಸೀಟಿ ಊದಿದರೆ ಕ್ರೇನು ನಿಲ್ಲುತ್ತಿತ್ತು. ಇಲ್ಲಿ ಊದಿದರೆ ಪಕ್ಕದ ಮನೆಯ ನಾಯಿ ಬಾಲ ಆಡಿಸಿಕೊಂಡು ಬರುತ್ತಿತ್ತು.

ಸ್ವಂತ ಮನೆಯಲ್ಲೂ ಪರಿಸ್ಥಿತಿ ಭಿನ್ನವಾಗಿರಲಿಲ್ಲ. ಹೆಂಡತಿ ದಮಯಂತಿ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗೆ ಕೈ ಹಾಕಿದರೆ ಸಾಕು, ಗುಣಪಾಲ ಓಡಿಬಂದು ಸ್ಟೂಲು ಹಿಡಿದುಕೊಳ್ಳುತ್ತಿದ್ದ. (ತಾನೇ ಹತ್ತಿ ತೆಗೆದುಕೊಡುತ್ತಿರಲಿಲ್ಲ. ಎತ್ತರದ ಕೆಲಸ ಅಪಾಯಕಾರಿ.) ದೋಸೆ ಹೊಯ್ಯುವಾಗ ಕೈಗವಸು ಹಾಕಿಕೊಳ್ಳಬೇಕೆಂದು ಅವನು ಒಮ್ಮೆ ಸೂಚಿಸಿದ.

"ಹಾಕ್ತೇನೆ. ಆ ದೋಸೆ ತಿನ್ನುವವರು ಹೆಲ್ಮೆಟ್ ಹಾಕಿ ಕೂರಬೇಕು, ಆಗಬಹುದಾ?" ಎಂದು ಅವಳು ಸಟ್ಟುಗ ಎತ್ತಿ ಕೇಳಿದ ಮೇಲೆ ಆ ವಿಷಯ ಅಲ್ಲಿಗೇ ನಿಂತಿತು.

ಊರಿಗೆ ಬಂದವನು ಒಂದು ಪಿಕಪ್ ತೆಗೆದುಕೊಂಡಿದ್ದ. ಬಾಡಿಗೆಗೆ ಕರೆದವರು ಒಂದೇ ಸಲ ಕರೆಯುತ್ತಿದ್ದರು. ಗುಣಪಾಲನ ಗಾಡಿಯಲ್ಲಿ ಬಾಳೆಕಾಯಿ ಹೇರಿದರೆ ಬದಿಯಡ್ಕ ತಲುಪುವಾಗ ಹಣ್ಣಾಗಿರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಶುದ್ಧ ಸುಳ್ಳು. ಹಣ್ಣಾದದ್ದು ಒಮ್ಮೆ ಮಾತ್ರ.

ಹೀಗಿರುವಾಗ ಮೇ ತಿಂಗಳ ಕೊನೆಯಲ್ಲಿ ದಮಯಂತಿಯ ತಮ್ಮ ಸುಧೀರ ಬೋವಿಕಾನದಿಂದ ಫೋನ್ ಮಾಡಿದ. ಅವನ ಹೊಸ ಮನೆಯ ತಾರಸಿಗೆ ಮರುದಿನ ಕಾಂಕ್ರೀಟು. ಆಳುಗಳೆಲ್ಲ ತಯಾರು. ಆದರೆ ಬದಿಯಡ್ಕದಿಂದ ಕಾಂಕ್ರೀಟ್ ಮಿಕ್ಸರನ್ನು ಎಳೆದು ತರಬೇಕಾದ ಜೀಪು ಕೆಟ್ಟು ಗ್ಯಾರೇಜಿನಲ್ಲಿದೆ. ಮಳೆ ಇನ್ನೇನು ಹಿಡಿಯುವಂತಿದೆ. ಹಿಡಿದರೆ ತಾರಸಿ ಮುಂದಿನ ವರ್ಷಕ್ಕೇ ಸೈ; ಅಲ್ಲಿಯವರೆಗೆ ತಾಯಿ ಈಶ್ವರಿಯಮ್ಮ ಈಗಿರುವ ಟರ್ಪಾಲಿನ ಶೆಡ್ಡಿನಲ್ಲೇ ಮಳೆಗಾಲ ಕಳೆಯಬೇಕು.

"ಜೀಪು ಯಾಕೆ? ನಾನು ಇಲ್ಲವಾ?" ಗುಣಪಾಲ ಎದೆ ಉಬ್ಬಿಸಿ ಹೇಳಿದ. "ಟ್ರೈಲರ್ ಎಳೆಯುವುದರಲ್ಲಿ ಕತಾರಿನಲ್ಲಿ ಕ್ಲಾಸು ತೆಗೆದವನು ಭಾವ ನಾನು."

ದಮಯಂತಿ ಅಡುಗೆಮನೆಯಿಂದ ಓಡಿ ಬಂದಳು. "ನೀವು ಕ್ಲಾಸು ತೆಗೆದದ್ದಾ, ಎಳೆದದ್ದಾ?"

"ಎರಡೂ ಒಂದೇ."

"ಒಂದೇ ಹೇಗಾಗುವುದು ಮಾರಾಯ್ರೆ? ಟೀವಿಯಲ್ಲಿ ಅಡುಗೆ ನೋಡಿ ಹೊಟ್ಟೆ ತುಂಬಿತಾ?"

ಆದರೆ ಅಷ್ಟರಲ್ಲಿ ಸುಧೀರ "ಬದುಕಿಸಿದಿರಿ ಭಾವ" ಎಂದು ಫೋನ್ ಇಟ್ಟಾಗಿತ್ತು.

ಮರುದಿನ ಬೆಳಿಗ್ಗೆ ಬದಿಯಡ್ಕದಲ್ಲಿ ಮಿಕ್ಸರನ್ನು ಪಿಕಪ್ಪಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಪಿನ್ನು ಇಳಿಸಿದರು. ಅದು ಎರಡು ಗಾಲಿಯ ಮೇಲೆ ಕುಳಿತ ದೊಡ್ಡ ಹೊಟ್ಟೆಯ ಯಂತ್ರ. ಬೇರೆಯವರಾದರೆ ಅಷ್ಟಕ್ಕೇ ಹೊರಡುತ್ತಿದ್ದರು. ಗುಣಪಾಲ ಪಿನ್ನು ಜಾರಿದರೂ ಮಿಕ್ಸರ್ ಜಾರದಂತೆ ಸರಪಳಿ ಬಿಗಿದ. ಗಾಲಿಗಳ ಗಾಳಿ ನೋಡಿದ. ಯಂತ್ರದ ಹಿಂಭಾಗಕ್ಕೆ ಕೆಂಪು ಬಟ್ಟೆ ಕಟ್ಟಿದ. (ಅದು ತನ್ನ ರವಕೆಯ ಕಣವೆಂಬುದು ದಮಯಂತಿಗೆ ಗೊತ್ತಾದದ್ದು ಅರ್ಧ ದಾರಿಯಲ್ಲಿ, ಮುಳ್ಳೇರಿಯದ ಹತ್ತಿರ.) ಆಮೇಲೆ ಹಳದಿ ಜಾಕೆಟ್ ತೊಟ್ಟು, ದೇವರಿಗೆ ಪ್ರದಕ್ಷಿಣೆ ಬರುವವನಂತೆ ಗಾಡಿಗೆ ಸುತ್ತು ಬಂದು, ದಮಯಂತಿಯ ಪಕ್ಕದ ಸೀಟಿನಲ್ಲಿ ಕುಳಿತ.

"ಎಳೆಯುವ ಗಾಡಿ ಅಂದರೆ ಹಿಂದೆ ಒಂದು ಹಟಮಾರಿ ಇದ್ದ ಹಾಗೆ," ಎಂದು ಪಾಠ ಶುರುಮಾಡಿದ. "ನಾವು ಬ್ರೇಕ್ ಹಾಕಿದ್ದು ಅದಕ್ಕೆ ತಡವಾಗಿ ಗೊತ್ತಾಗುವುದು. ಹಾಗಾಗಿ ಮುಂದಿನ ಗಾಡಿಗೂ ನಮಗೂ ತುಂಬ ಅಂತರ ಬೇಕು."

"ಮುಂದಿನ ಗಾಡಿ ಎಲ್ಲುಂಟು? ಅದರವರು ಬೋವಿಕಾನದಲ್ಲಿ ಚಾ ಕುಡಿದು ವಾಪಸು ಬರ್ತಾ ಇರಬಹುದು."

"ತಿರುವಿನಲ್ಲಿ ಅಗಲವಾಗಿ ತಿರುಗಿಸಬೇಕು. ಇಲ್ಲದಿದ್ದರೆ ಅದರ ಗಾಲಿ ಚರಂಡಿಗೆ ಇಳಿಯುವುದು. ಇಳಿಜಾರಿನಲ್ಲಿ ಮೊದಲೇ ಗೇರು ಇಳಿಸಬೇಕು."

"ಎಲ್ಲಿಗೆ ಇಳಿಸುವುದು? ಹೊರಟಾಗಿನಿಂದ ಮೊದಲನೇ ಗೇರಿನಲ್ಲೇ ಉಂಟಲ್ಲ!"

ಹಿಂದೆ ಒಂದು ಬಸ್ಸು, ಬಸ್ಸಿನ ಹಿಂದೆ ಜೀಪುಗಳು, ರಿಕ್ಷಾಗಳು, ಮೀನಿನ ಗಾಡಿ, ಶಾಲೆಯ ವ್ಯಾನು ಸಾಲುಗಟ್ಟಿದವು. ತಿರುವಿನಲ್ಲಿ ಗುಣಪಾಲ ಇಡೀ ರಸ್ತೆಯನ್ನು ಬಳಸಿಕೊಂಡಾಗ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಎಂತ ಮಾರಾಯ, ರೋಡು ನಿನಗೆ ವರದಕ್ಷಿಣೆಗೆ ಸಿಕ್ಕಿದ್ದಾ?" ಎಂದು ಕೂಗಿದ. ಗುಣಪಾಲ ಕನ್ನಡಿ ನೋಡಿ ಮುಗುಳ್ನಕ್ಕ. ದಾರಿಯ ಒಂದು ಪೇಟೆಯಲ್ಲಿ ನಿಧಾನವಾಗಿ ಸಾಗಿದ ಈ ಮೆರವಣಿಗೆಯನ್ನು ಕಂಡ ಅಂಗಡಿಯವರೊಬ್ಬರು, ಯಾರೋ ದೊಡ್ಡವರ ಶವಯಾತ್ರೆಯಿರಬೇಕೆಂದು ಶಟರ್ ಅರ್ಧ ಇಳಿಸಿ ಕೈಮುಗಿದರು. ದಮಯಂತಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸೀಟಿನಿಂದ ಜಾರಿ ಕುಳಿತಳು.

ಇಷ್ಟಾದರೂ ನ್ಯಾಯವಾಗಿ ಹೇಳಬೇಕು: ಆ ತಿರುವು, ಏರು, ಇಳಿಜಾರುಗಳನ್ನೆಲ್ಲ ದಾಟಿ ಮಿಕ್ಸರ್ ಒಂದು ಗೀರೂ ಬೀಳದೆ ಸುಧೀರನ ಮನೆಯ ಗೇಟಿಗೆ ಬಂದು ಮುಟ್ಟಿತು. ಗುಣಪಾಲನ ಆಯುಷ್ಯದ ಅತ್ಯಂತ ಸುಖದ ಗಳಿಗೆಯದು. ಅವನು ಅಲ್ಲೇ ಇಳಿದುಬಿಡಬೇಕಿತ್ತು.

ಆಳುಗಳು ನೆರಳಿನಲ್ಲಿ ಮಲಗಿದ್ದರು. ಪಡುವಣದಲ್ಲಿ ಮೋಡ ಕಪ್ಪಿಟ್ಟಿತ್ತು. ಸುಧೀರ ಗೇಟು ಹಿಡಿದು ನಿಂತಿದ್ದ. ಗೇಟಿನಿಂದ ಮನೆಯವರೆಗೆ ಇಕ್ಕಟ್ಟಾದ ಒಂದು ಏರುದಾರಿ. ಮೇಲೆ ಅಂಗಳದ ತುಂಬ ಹೊಯಿಗೆ, ಜಲ್ಲಿ. ಗಾಡಿ ತಿರುಗಿಸಲು ಜಾಗವಿಲ್ಲ.

"ಕೊಕ್ಕೆ ಬಿಚ್ಚಿಬಿಡಿ ಗುಣಪಾಲಣ್ಣ," ಎಂದ ಚೆನ್ನಯ್ಯ ಮೇಸ್ತ್ರಿ. "ನಮ್ಮವರು ಮೇಲಕ್ಕೆ ತಳ್ಳಿಕೊಂಡು ಹೋಗ್ತಾರೆ."

"ಇಷ್ಟು ಭಾರದ್ದನ್ನು ಏರಿನಲ್ಲಿ ಕೈಯಿಂದ ತಳ್ಳುವುದಾ? ಜಾರಿ ಕಾಲಮೇಲೆ ಬಂದರೆ?" ಗುಣಪಾಲ ಸೀಟಿ ಊದಿ ಎಲ್ಲರನ್ನೂ ದೂರ ಸರಿಸಿದ. ಹೆಂಡತಿಯ ತವರಿನವರೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. ಇಂಥ ಸಭೆ ಮತ್ತೆ ಸಿಗುವುದುಂಟೇ? "ನಾನು ರಿವರ್ಸಿನಲ್ಲಿ ಹತ್ತಿಸುತ್ತೇನೆ. ದಮಯಂತಿ, ನೀನು ಹಿಂದೆ ನಿಂತು ದಾರಿ ಹೇಳು. ಆದರೆ ನೆನಪಿರಲಿ, ಟ್ರೈಲರ್ ರಿವರ್ಸ್ ಅಂದರೆ ಎಲ್ಲ ಉಲ್ಟಾ. ನಾನು ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುವುದು."

"ಹಾಗಾದರೆ ನಾನು ಎಂತ ಹೇಳಬೇಕು? ಅದು ಹೋಗಬೇಕಾದ ಕಡೆಯಾ, ನೀವು ತಿರುಗಿಸಬೇಕಾದ ಕಡೆಯಾ?"

"ಅದು ಹೋಗಬೇಕಾದ ಕಡೆ. ಉಲ್ಟಾ ಮಾಡುವುದನ್ನು ನನಗೆ ಬಿಡು."

ಗಾಡಿ ಹಿಂದಕ್ಕೆ ಚಲಿಸಿತು. ಮಿಕ್ಸರ್ ಸ್ವಲ್ಪ ಎಡಕ್ಕೆ ಹೋಗಬೇಕಿತ್ತು. ಗಂಡನಿಗೆ ಅಷ್ಟು ಕಷ್ಟ ಯಾಕೆ ಎಂದು ದಮಯಂತಿ ತಾನೇ ಮನಸ್ಸಿನಲ್ಲಿ ಉಲ್ಟಾ ಮಾಡಿ, "ಬಲಕ್ಕೆ!" ಎಂದು ಕೂಗಿದಳು. ಗುಣಪಾಲ ಅದನ್ನು ಇನ್ನೊಮ್ಮೆ ಉಲ್ಟಾ ಮಾಡಿ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದ. ಮಿಕ್ಸರ್ ಬಲಬದಿಯ ಪಾಗಾರದ ಗೋಡೆಯತ್ತ ಹೊರಟಿತು.

"ಬಲಕ್ಕೆ ಅಂದೆ!"

"ಬಲಕ್ಕೇ ಹೋಗ್ತಾ ಉಂಟಲ್ಲ!"

"ಅದು ಬಲಕ್ಕೆ ಹೋಗುವುದು ಯಾರಿಗೆ ಬೇಕು? ನೀವು ಬಲಕ್ಕೆ!"

"ನಾನು ಹೇಗೆ ಹೋಗುವುದು? ನಾನು ಸೀಟಿನಲ್ಲಿ ಕೂತಿದ್ದೇನೆ!"

ಈ ಸಂವಾದವನ್ನು ಕೇಳಲಾರದೆ ಈಶ್ವರಿಯಮ್ಮ ಮುಂದೆ ಬಂದರು. "ಎಡ ಬಲ ಎಲ್ಲ ಬಿಡಿ ಮಕ್ಕಳೇ. ಆಚೆಗೆ ಪಾಗಾರ, ಈಚೆಗೆ ಬಾವಿ. ಬಾವಿ ಕಡೆಗೆ ಅಂತ ಹೇಳು ಮಗಳೇ, ಮುಗಿಯಿತಲ್ಲ!"

ಸಲಹೆ ಒಳ್ಳೆಯದೇ. ಬಾವಿ ದೂರದಲ್ಲಿತ್ತು, ಕಟ್ಟೆಯೂ ಇತ್ತು. ದಮಯಂತಿ ಗಂಟಲು ಹರಿಯುವಂತೆ, "ಬಾವಿ! ಬಾವಿ ಕಡೆಗೆ!" ಎಂದು ಕಿರುಚಿದಳು. ಬಾವಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಸೇಫ್ಟಿ ವಿಭಾಗದ ಮನುಷ್ಯ ಜಾಗೃತನಾದ. ಮಿಕ್ಸರ್ ಬಾವಿಗೆ ಬೀಳುತ್ತಿದೆಯೆಂದು ಬಗೆದು, ಅದನ್ನು ದೂರ ಸರಿಸಲು ಸ್ಟಿಯರಿಂಗನ್ನು ಸಿಕ್ಕಾಪಟ್ಟೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದ. ಕಿರ್ರ್ ಎಂದಿತು. ಮಿಕ್ಸರ್ ಪಾಗಾರಕ್ಕೆ ಬೆನ್ನು ಕೊಟ್ಟು, ಪಿಕಪ್ಪಿನ ಪಕ್ಕೆಗೆ ಮೂತಿ ಒತ್ತಿ, ಮೊಣಕೈ ಮಡಚಿದಂತೆ ಮಡಚಿ ನಿಂತಿತು. ಪಿನ್ನು ಒತ್ತಡಕ್ಕೆ ಬಾಗಿ ಸಿಕ್ಕಿಕೊಂಡಿತು. ಎಳೆದರೂ ಬರಲಿಲ್ಲ, ಬಡಿದರೂ ಬರಲಿಲ್ಲ.

ಗುಡುಗು ಕೇಳಿಸಿತು. ಚೆನ್ನಯ್ಯ ಮೇಸ್ತ್ರಿ ಆಕಾಶ ನೋಡಿದ, ಗುಣಪಾಲನನ್ನು ನೋಡಿದ, ಮುಂಡು ಮೇಲೆತ್ತಿ ಕಟ್ಟಿದ. "ಮಿಕ್ಸರ್ ಇಲ್ಲೇ ತಿರುಗಿಸುವ. ಇಲ್ಲಿಂದಲೇ ಹೊತ್ತು ಹಾಕುವ. ಮನೆಯವರೂ ಕೈಹಾಕಿ."

ಅವನು ಮಿಕ್ಸರ್ ಚಾಲೂ ಮಾಡುವ ಮೊದಲು ಗುಣಪಾಲ ಸೀಟಿ ಊದಿದ. ಯಂತ್ರದ ಅದುರಾಟಕ್ಕೆ ಪಿಕಪ್ ಇಳಿಜಾರಿನಲ್ಲಿ ಜಾರಬಾರದಲ್ಲ! ಕೆಂಪುಕಲ್ಲುಗಳನ್ನು ತಂದು ಹಿಂದಿನ ಗಾಲಿಗಳಿಗೆ ಕೆಳಗಿನಿಂದ ಅಡ್ಡ ಇಟ್ಟ. ಸಾಲದೆಂದು ಎರಡೂ ಬದಿಗೆ ಇಟ್ಟ. ಸಂದಿಗಳಿಗೆ ಹೊಯಿಗೆಯ ಚೀಲ ತುರುಕಿದ. ಆಮೇಲೆ ಅವನ ಹಳದಿ ಜಾಕೆಟಿಗೆ ಮರ್ಯಾದೆ ಕೊಡದೆ ಮೇಸ್ತ್ರಿ ಅವನನ್ನೂ ಸಾಲಿನಲ್ಲಿ ನಿಲ್ಲಿಸಿದ. ಸುಧೀರನ ಕೈಯಿಂದ ಗುಣಪಾಲನ ಕೈಗೆ, ಅವನ ಕೈಯಿಂದ ದಮಯಂತಿಯ ಕೈಗೆ ಕಾಂಕ್ರೀಟಿನ ಬಾಣಲಿಗಳು ಏರು ಹತ್ತಿದವು. ದಿನವಿಡೀ ಗಂಡಹೆಂಡಿರು ಜಗಳವಾಡಲಿಲ್ಲ. ಬಾಯಿ ತೆರೆಯಲು ಉಸಿರಿರಲಿಲ್ಲ.

ಸಂಜೆ ಕೊನೆಯ ಬಾಣಲಿ ಮೇಲೇರುತ್ತಿದ್ದಂತೆ ಮಳೆ ಬಂತು. ಎಲ್ಲರೂ ಟರ್ಪಾಲು ಹಿಡಿದು ತಾರಸಿಗೆ ಓಡಿದರು. ತಾರಸಿ ಉಳಿಯಿತು! ಸುಧೀರ ಭಾವನನ್ನು ತಬ್ಬಿಕೊಂಡ. ಈಶ್ವರಿಯಮ್ಮ ಕಣ್ಣೊರಸಿಕೊಂಡು ಅಳಿಯನ ಬಟ್ಟಲಿಗೆ ಕೋಳಿಯ ಕಾಲನ್ನೇ ಹುಡುಕಿ ಹಾಕಿದರು. ಗುಣಪಾಲ ಸಂತೃಪ್ತನಾಗಿ ಮಲಗಿದ.

ಬೆಳಿಗ್ಗೆ ರಿಪೇರಿಯಾದ ಜೀಪು ಬಂತು. ಆಳುಗಳು ಬಡಿದು ಬಡಿದು ಪಿನ್ನು ಬಿಡಿಸಿದರು; ಮಿಕ್ಸರ್ ಜೀಪಿನ ಹಿಂದೆ ಸುಮ್ಮನೆ ಹೊರಟುಹೋಯಿತು. ಗುಣಪಾಲ ಕಲ್ಲುಗಳನ್ನು ಸರಿಸಲು ಬಗ್ಗಿದ. ಕಲ್ಲು ಅಲುಗಲಿಲ್ಲ. ದಿನವಿಡೀ ಮಿಕ್ಸರಿನಿಂದ ಚೆಲ್ಲಿದ್ದ ಕಾಂಕ್ರೀಟು ಏರಿನಿಂದ ಇಳಿದು ಬಂದು, ಅವನು ಕಟ್ಟಿದ ಕಲ್ಲುಗಳ ನಡುವೆ ತುಂಬಿ, ಹಿಂದಿನ ಗಾಲಿಗಳನ್ನು ಅರ್ಧ ನುಂಗಿ, ಗಟ್ಟಿಯಾಗಿತ್ತು. ಅವನು ಒಳಗೆ ಕುಳಿತು ಗಾಡಿ ಚಾಲೂ ಮಾಡಿದ. ಎಂಜಿನ್ ಗರ್ಜಿಸಿತು, ಹೊಗೆ ಬಂತು. ಪಿಕಪ್ ಮಾತ್ರ ಆ ಮನೆಯ ಅಡಿಪಾಯದ ಭಾಗವಾಗಿ ಹೋಗಿತ್ತು.

ಚೆನ್ನಯ್ಯ ಮೇಸ್ತ್ರಿ ಕುಕ್ಕರಗಾಲಿನಲ್ಲಿ ಕುಳಿತು ಬೆರಳಿನಿಂದ ತಟ್ಟಿ ನೋಡಿದ. "ಕಾಂಕ್ರೀಟಿಗೆ ಹಲಗೆ ಕಟ್ಟಿದ ಹಾಗೆ ಒಳ್ಳೆ ಸೆಂಟ್ರಿಂಗ್ ಗುಣಪಾಲಣ್ಣ. ಒಂದು ತೊಟ್ಟೂ ಸೋರಲಿಲ್ಲ," ಎಂದ ಮನಃಪೂರ್ವಕವಾಗಿ. ಒಡೆಯುವ ಯಂತ್ರ ತರಿಸಬೇಕು, ತಾರಸಿ ಬಲಿಯುವವರೆಗೆ ಹತ್ತಿರದಲ್ಲಿ ಬಡಿಯುವಂತಿಲ್ಲ ಎಂದೂ ಹೇಳಿದ. ಈಶ್ವರಿಯಮ್ಮನ ಕೋಳಿ ಆಗಲೇ ಪಿಕಪ್ಪಿನ ಹಿಂದೆ ಮೊಟ್ಟೆಗೆ ಜಾಗ ನೋಡುತ್ತಿತ್ತು.

ಗಂಡಹೆಂಡಿರು ಬಸ್ಸಿಗೆ ನಡೆದರು. ಬಸ್ಸು ಬಂತು. ಇಬ್ಬರೂ ಹತ್ತಿದರು. ದಮಯಂತಿ ಕಿಟಕಿಯ ಬದಿಗೆ ಕುಳಿತು, ಬೆಳಗಿನಿಂದ ತಡೆದಿಟ್ಟುಕೊಂಡಿದ್ದ ಮಾತನ್ನು ಮೆಲ್ಲಗೆ ಕೇಳಿದಳು.

"ಹೌದಾ, ಹ್ಯಾಂಡ್‌ಬ್ರೇಕ್ ಹಾಕಿದ್ದೀರಲ್ಲ?"

ಅವಳು ಕೇಳಿದ್ದು ತಮಾಷೆಗೆ. ಗುಣಪಾಲ ಎಡಗೈಯಿಂದ ಗಾಳಿಯಲ್ಲೇ ಬ್ರೇಕ್ ಎಳೆದು ನೋಡಿದ. ಅವನು ನೆನಪಿಸಿಕೊಂಡ, ಮತ್ತೊಮ್ಮೆ ನೆನಪಿಸಿಕೊಂಡ. ನಂತರ, "ಜನ ಇಳಿಯಲಿಕ್ಕುಂಟು!" ಎಂದು ಕೂಗಿ ಬಸ್ಸು ನಿಲ್ಲಿಸಿ ಧುಮುಕಿದ.

ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ದಮಯಂತಿಗೆ, ಹಳದಿ ಜಾಕೆಟ್ ತೊಟ್ಟ ಗಂಡ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ಗಾಡಿಗಳು ಕಾಣುವಂತೆ ಜಾಗ್ರತೆಯಾಗಿ, ತವರುಮನೆಯ ಕಡೆಗೆ ಓಡುತ್ತಿರುವುದು ಕಾಣಿಸಿತು.